ಮಂಡಿ ಊರಿದ ನೆಲ

ಕಾಡಿನ ದಾರಿ ಇದ್ದದ್ದೇ ಕಿರಿದು. ಅದರಲ್ಲೇ ಐದಾರು ಸಾಲಾಗಿ ಜನ ಸಾಗುತ್ತಿದ್ದರು. ನನ್ನ ಮುಂದೆ ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಬೆನ್ನಿಗೊಂದು ಚೀಲ, ಮೊಣಕಾಲಿನವರೆಗೆ ಕೆಸರು. ಅರ್ಧ ಗಂಟೆಯಿಂದ ಗೆಳೆಯರ ಜೊತೆ ದನಿ ಎತ್ತಿ ಹಾಡುತ್ತಿದ್ದವನು ಥಟ್ಟನೆ ಹಾಡು ನಿಲ್ಲಿಸಿ, ಸಾಲು ಬಿಟ್ಟು, ಪಕ್ಕದಲ್ಲಿ ನಡೆಯುತ್ತಿದ್ದ ಗುರುಗಳೊಬ್ಬರನ್ನು ಸೇರಿಕೊಂಡ. ಗುರುಗಳದು ಹಿಮ್ಮಡಿ ಮುಟ್ಟುವ ಕಪ್ಪು ನಿಲುವಂಗಿ, ಕೊರಳಲ್ಲಿ ನೇರಳೆ ಪಟ್ಟಿ. ಇಬ್ಬರೂ ತಲೆ ತಗ್ಗಿಸಿ ನಡೆದರು. ಹುಡುಗನ ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಓಕ್ ಮರವೊಂದರ ಬುಡದಲ್ಲಿ ಅವನು ಕೆಸರಿನಲ್ಲೇ ಮಂಡಿ ಊರಿದ. ಗುರುಗಳು ಅವನ ತಲೆಯ ಮೇಲೆ ಕೈ ಚಾಚಿ ಶಿಲುಬೆಯ ಗುರುತು ಮಾಡಿದರು. ಸುತ್ತ ಸಾವಿರಾರು ಜನ ನಡೆಯುತ್ತಲೇ ಇದ್ದರು, ಯಾರೂ ತಿರುಗಿ ನೋಡಲಿಲ್ಲ. ನಾನು ಮಾತ್ರ ನೋಡಿಬಿಟ್ಟೆ. ನೋಡಬಾರದ್ದನ್ನು ನೋಡಿದೆನೆಂಬ ಸಂಕೋಚದ ಜೊತೆಗೇ ಗಂಟಲು ಕಟ್ಟಿಬಂತು. ಪಾಪನಿವೇದನೆ ಎಂದರೆ ಮುದುಕಿಯರ ಕೆಲಸ ಎಂದುಕೊಂಡು ಮೂವತ್ತು ವರ್ಷ ಕಳೆದಿದ್ದೆ ನಾನು.

ಅದು 2024ರ ಮೇ 18, ಪೆಂತೆಕೋಸ್ತು ಹಬ್ಬದ ಹಿಂದಿನ ದಿನ. ಪ್ಯಾರಿಸಿನಿಂದ ಶಾರ್ತ್ರ್ ಮಹಾದೇವಾಲಯಕ್ಕೆ ಮೂರು ದಿನದ ಪಾದಯಾತ್ರೆ, ಸುಮಾರು 100 ಕಿಲೋಮೀಟರ್. 1983ರಿಂದ ಪ್ರತಿವರ್ಷ ಹಬ್ಬದ ಶನಿವಾರ ಹೊರಟು ಸೋಮವಾರ ತಲುಪುತ್ತಾರೆ. ಪೋಲೆಂಡಿನ ಚೆಸ್ತೊಖೋವಾ ಮಾತೆಯ ಕ್ಷೇತ್ರಕ್ಕೆ ಜನ ನಡೆದು ಹೋಗುವುದನ್ನು ಕಂಡು ಶುರುಮಾಡಿದ್ದಂತೆ. ಇಡೀ ಯಾತ್ರೆಯಲ್ಲಿ ಬಲಿಪೂಜೆ ನಡೆಯುವುದು ಹಳೆಯ ಲ್ಯಾಟಿನ್ ವಿಧಿಯಲ್ಲಿ. ಆ ವರ್ಷ ನಡೆದವರು ಸುಮಾರು 18,000. ಅವರಲ್ಲಿ ಹೆಚ್ಚಿನವರು ನನ್ನ ಮಕ್ಕಳ ವಯಸ್ಸಿನವರು.

ನನ್ನನ್ನು ಕರೆತಂದವಳು ತಂಗಿಯ ಮಗಳು. ಪ್ಯಾರಿಸಿನಲ್ಲಿ ಓದುತ್ತಿದ್ದಾಳೆ. ಬೆಂಗಳೂರಿನಲ್ಲಿದ್ದಾಗ ಕ್ರಿಸ್ಮಸ್ ಬಿಟ್ಟರೆ ಚರ್ಚಿನ ಕಡೆ ಮುಖ ಹಾಕುತ್ತಿರಲಿಲ್ಲ. ಪ್ಯಾರಿಸಿನಲ್ಲಿ ಅವಳ ತರಗತಿಯ ಒಬ್ಬಳು ಹುಡುಗಿ, ದೇವರ ಹೆಸರೇ ಎತ್ತದ ಮನೆಯಲ್ಲಿ ಬೆಳೆದವಳು, ಆ ವರ್ಷದ ಪಾಸ್ಖ (ಈಸ್ಟರ್) ಜಾಗರಣೆಯಲ್ಲಿ ಜ್ಞಾನಸ್ನಾನ ಪಡೆದಳು. ಅದನ್ನು ನೋಡಲು ಹೋದ ಇವಳು ಮರುವಾರವೂ ಹೋದಳು, ಅದರ ಮರುವಾರವೂ. ಫ್ರಾನ್ಸಿನಲ್ಲಿ ಆ ಒಂದು ಪಾಸ್ಖದಲ್ಲಿ ಜ್ಞಾನಸ್ನಾನ ಪಡೆದ ವಯಸ್ಕರು 7,135. ಮುಂದಿನ ವರ್ಷ ಆ ಸಂಖ್ಯೆ 10,384ಕ್ಕೆ ಏರಿತು. ಚರ್ಚುಗಳು ಖಾಲಿಯಾಗುತ್ತಿವೆ ಎಂದೇ ನಾವು ಕೇಳುತ್ತ ಬಂದ ದೇಶ ಅದು. ಖಾಲಿಯಾಗಿರುವುದೂ ನಿಜವೇ. ಆ ಖಾಲಿ ಮನೆಯ ಬಾಗಿಲನ್ನು ಯಾರೋ ಹೊಸಬರು ಬಂದು ತಟ್ಟುತ್ತಿದ್ದಾರೆ.

“ದೊಡ್ಡಮ್ಮ, ನೀವು ಒಂದು ಸಲ ಬರಲೇಬೇಕು. ನಾನು ಫೋನಿನಲ್ಲಿ ಹೇಳಿದರೆ ನಿಮಗೆ ಗೊತ್ತಾಗಲ್ಲ” ಎಂದಿದ್ದಳು.

ಹೊರಡುವ ಎರಡು ದಿನ ಮೊದಲು ಅವಳನ್ನು ಕರೆದುಕೊಂಡು ರ್‍ಯು ದ್ಯು ಬಾಕ್ ಎಂಬ ಬೀದಿಗೆ ಹೋದೆ. ಇದು ನನ್ನ ಹಟ. ಆ ಬೀದಿಯ 128ನೇ ನಂಬರಿನಲ್ಲಿ ಪ್ಯಾರಿಸಿನ ವಿದೇಶಿ ಧರ್ಮಪ್ರಚಾರ ಸಂಸ್ಥೆಯಿದೆ. ನಮ್ಮ ಮೈಸೂರು ಸೀಮೆಗೆ ಗುರುಗಳನ್ನು ಕಳಿಸಿದ ಮನೆ ಅದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಚದುರಿದ ಕ್ರೈಸ್ತರನ್ನು ಕೂಡಿಸಲು ಬಂದ ಅಬ್ಬೆ ದುಬ್ವಾ ಇದೇ ಸಂಸ್ಥೆಯವರು. ನಮ್ಮವರ ಉಡುಪು ಉಟ್ಟು, ನಮ್ಮವರ ಊಟ ಉಂಡು, ಹಾಸನದ ಹತ್ತಿರದ ಸತ್ತಿಹಳ್ಳಿಯಲ್ಲಿ ಕ್ರೈಸ್ತ ರೈತರಿಗೆ ನೆಲೆ ಮಾಡಿಕೊಟ್ಟು, ಸಿಡುಬಿಗೆ ಲಸಿಕೆ ಹಾಕಿಸಿ, ‘ದೊಡ್ಡಸ್ವಾಮಿ’ ಎನಿಸಿಕೊಂಡವರು. 1823ರಲ್ಲಿ ಅವರು ಇಂಡಿಯಾ ಬಿಟ್ಟು ಮರಳಿ, 1848ರಲ್ಲಿ ತೀರಿಕೊಳ್ಳುವವರೆಗೂ ಪ್ಯಾರಿಸಿನಲ್ಲೇ ಇದ್ದರು. ಮರಳಿದ ವರ್ಷವೇ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಅಚ್ಚಾಯಿತು. ಹಿಂದೂಸ್ತಾನದಲ್ಲಿ ಕ್ರೈಸ್ತಧರ್ಮ ಬೇರುಬಿಡುವ ಕಾಲ ಮುಗಿಯಿತು ಎಂಬ ನಿರಾಶೆ ಆ ಪತ್ರಗಳ ತುಂಬ ಇದೆ. ಮೂವತ್ತು ವರ್ಷ ದುಡಿದ ಮನುಷ್ಯನ ದಣಿವು.

ನನ್ನ ಅಜ್ಜಿಯ ತವರು ಆ ಸತ್ತಿಹಳ್ಳಿಯ ನೆರೆಯ ಶೆಟ್ಟಿಹಳ್ಳಿ. 1860ರ ಸುಮಾರಿಗೆ ಫ್ರೆಂಚ್ ಗುರುಗಳು ಅಲ್ಲಿ ಕಟ್ಟಿದ ಚರ್ಚು ಈಗ ಗೊರೂರಿನ ಹೇಮಾವತಿ ಜಲಾಶಯದ ನೀರಿನಲ್ಲಿ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೈದೋರುತ್ತದೆ. ಚಾವಣಿ ಇಲ್ಲ. ಈಗ ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಅಜ್ಜಿ ಮದುವೆಯಾದದ್ದು ಆ ಬಲಿಪೀಠದ ಮುಂದೆ. ಬೀದಿಯ ಆ ಬಾಗಿಲ ಮುಂದೆ ನಿಂತು ಅಷ್ಟನ್ನೂ ಹುಡುಗಿಗೆ ಹೇಳಿದೆ. “ಹಾಗಾದರೆ ನಾವೇ ಅವರ ಬೇರು, ಅಲ್ವಾ ದೊಡ್ಡಮ್ಮ?” ಎಂದಳು. ಇನ್ನೂರು ವರ್ಷ ತಡವಾಗಿ ದೊಡ್ಡಸ್ವಾಮಿಯವರಿಗೆ ಉತ್ತರ ಸಿಕ್ಕಿತು ಅನ್ನಿಸಿತು ನನಗೆ.

ಶನಿವಾರ ಬೆಳಗ್ಗೆ ಸ್ಯಾಂ ಸುಲ್ಪೀಸ್ ಚರ್ಚಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೊದಲೆಲ್ಲ ಯಾತ್ರೆ ಹೊರಡುತ್ತಿದ್ದ ನೋತ್ರ್ ದಾಮ್ ಇನ್ನೂ ಬೆಂಕಿಯ ಗಾಯದಿಂದ ಚೇತರಿಸಿಕೊಳ್ಳುತ್ತಿತ್ತು. ಜನರನ್ನು ತಂಡತಂಡವಾಗಿ ಬಿಡುತ್ತಾರೆ. ಪ್ರತಿ ತಂಡಕ್ಕೂ ಒಬ್ಬ ಸಂತರ ಹೆಸರು, ಒಂದು ಶಿಲುಬೆ, ಒಂದು ಬಾವುಟ, ಜೊತೆಗೊಬ್ಬರು ಗುರುಗಳು. ಹಾಸಿಗೆ, ಗುಡಾರದ ಸಾಮಾನು ಲಾರಿಯಲ್ಲಿ ಮುಂದೆ ಹೋಗುತ್ತದೆ. ಊರು ದಾಟಿ, ಬಡಾವಣೆ ದಾಟಿ, ಕಾಡು ಸೇರುವಷ್ಟರಲ್ಲೇ ನನ್ನ ಎಡಗಾಲಿನಲ್ಲಿ ಬೊಬ್ಬೆ ಎದ್ದಿತ್ತು.

ನಡೆಯುವಾಗ ಜಪಸರ ನಿಲ್ಲುವುದೇ ಇಲ್ಲ. ಮುಂದಿನವರು ಮೊದಲರ್ಧ ಹೇಳಿದರೆ ಹಿಂದಿನವರು ಉಳಿದರ್ಧ. ಒಮ್ಮೆ ಫ್ರೆಂಚಿನಲ್ಲಿ, ಒಮ್ಮೆ ಲ್ಯಾಟಿನ್ನಿನಲ್ಲಿ. ನನ್ನ ಬಾಯಿಗೆ ಎರಡೂ ಬರಲಿಲ್ಲ, ನಾನು ನನ್ನಷ್ಟಕ್ಕೆ ಕನ್ನಡದಲ್ಲೇ ಹೇಳಿಕೊಂಡೆ. ಲಯ ಒಂದೇ ಇತ್ತು. ಅಜ್ಜಿಯ ಮನೆಯಲ್ಲೂ ಹೀಗೇ. ದೀಪ ಹಚ್ಚಿದ ಮೇಲೆ ಸಗಣಿ ಸಾರಿಸಿದ ನೆಲದಲ್ಲಿ ಮಂಡಿಯೂರಿ ಕೂರಬೇಕು. ‘ನಮೋ ಮರಿಯಾ’ದ ಮೊದಲರ್ಧ ಅಜ್ಜಿಯದು, ಉಳಿದರ್ಧ ಮಕ್ಕಳದು. ಐದನೇ ಹತ್ತಕ್ಕೆ ನಾವು ತೂಕಡಿಸುತ್ತಿದ್ದೆವು, ಅವಳ ದನಿ ಮಾತ್ರ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ನನ್ನ ತಂಗಿ ಮಗಳನ್ನು ಇಂಗ್ಲಿಷಿನಲ್ಲಿ ಬೆಳೆಸಿದಳು. ಇವಳ ಬಾಯಿಗೆ ಕನ್ನಡದ ಜಪ ಹತ್ತಿರಲಿಲ್ಲ.

ರಾತ್ರಿ ಶ್ವಾಜೆಲ್ ಎಂಬ ಹಳ್ಳಿಯ ಬಯಲಿನಲ್ಲಿ ಬಿಡಾರ. ಬಿಸಿ ಸೂಪು, ಬ್ರೆಡ್ಡು, ನೀರು, ಅಷ್ಟೇ. ಒಂದೊಂದು ಗುಡಾರದಲ್ಲೂ ಸಾಲಾಗಿ ಮಲಗಿದ ಹೆಂಗಸರು. ಕಾಲಿನ ಬೊಬ್ಬೆಗೆ ಮದ್ದು ಹಾಕುವ ಜಾಗದಲ್ಲಿ ಉದ್ದದ ಸಾಲು. ನನ್ನ ಕಾಲನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಕೆಸರು ತೊಳೆದು, ಸೂಜಿ ಚುಚ್ಚಿ ನೀರು ತೆಗೆದವಳು ಹತ್ತೊಂಬತ್ತು ದಾಟಿರದ ಹುಡುಗಿ. ನಾನು ಅವಳಿಗೆ ಏನೂ ಅಲ್ಲ, ನನ್ನ ಭಾಷೆಯೂ ಅವಳಿಗೆ ತಿಳಿಯದು. ಕೆಲಸ ಮುಗಿಸಿ ಕೈ ಒರೆಸಿಕೊಂಡು ಮುಂದಿನ ಕಾಲಿಗೆ ಹೋದಳು.

ಭಾನುವಾರದ ಪೂಜೆ ತೆರೆದ ಬಯಲಿನಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಾನು ಅಷ್ಟು ದೂರ ಹೋದದ್ದು ಇದಕ್ಕೇ ಎಂದು ನನಗೆ ಆಮೇಲೆ ಗೊತ್ತಾಯಿತು.

ಹುಲ್ಲು ಹಿಂದಿನ ಮಳೆಗೆ ನೆನೆದಿತ್ತು. ಗುರುಗಳು ನಮ್ಮ ಕಡೆ ಮುಖ ಮಾಡಿರಲಿಲ್ಲ. ನಾವೂ ಅವರೂ ಒಂದೇ ದಿಕ್ಕಿಗೆ, ಬಲಿಪೀಠದ ಕಡೆಗೆ ತಿರುಗಿದ್ದೆವು. ಮೊದಮೊದಲು ನನಗೆ ಅದು ಬೆನ್ನು ತಿರುಗಿಸಿದ ಹಾಗೆ ಕಂಡಿತು. ಊರಿನ ತೇರಿನ ಮುಂದೆ ಪೂಜಾರಿಯೂ ಭಕ್ತರೂ ದೇವರ ಕಡೆಗೇ ತಾನೆ ನಿಲ್ಲುವುದು ಎಂದು ನೆನಪಾದಾಗ ಆ ಕಸಿವಿಸಿ ಹೋಯಿತು. ಹಾಡುಗಳ ನಡುವೆ ಉದ್ದುದ್ದದ ಮೌನ. ಹಳೆಯ ವಿಧಿಯಲ್ಲಿ ಪೂಜೆಯ ನಡುಭಾಗವನ್ನು ಗುರುಗಳು ಪಿಸುದನಿಯಲ್ಲಿ ಹೇಳುತ್ತಾರೆ, ಜನಕ್ಕೆ ಕೇಳಿಸುವುದಿಲ್ಲ. ಗಂಟೆ ಆಯಿತು. ಅಷ್ಟೂ ಜನ ಒಟ್ಟಿಗೆ ಮಂಡಿ ಊರಿದರು. ಅದಕ್ಕೊಂದು ಸದ್ದಿದೆ. ಒದ್ದೆ ಹುಲ್ಲು ಅದುಮಿದ ಸದ್ದು, ಬಟ್ಟೆ ಸರಿದ ಸದ್ದು, ಆಮೇಲೆ ಬಾವುಟಗಳು ಗಾಳಿಗೆ ಬಡಿದುಕೊಳ್ಳುವುದು, ದೂರದಲ್ಲೊಂದು ಕೂಸಿನ ಅಳು. ಅಷ್ಟು ಜನ ಇದ್ದಲ್ಲಿ ಅಷ್ಟು ಮೌನವನ್ನು ನಾನು ಎಂದೂ ಕಂಡಿರಲಿಲ್ಲ. ಗುರುಗಳು ಪರಮಪ್ರಸಾದವನ್ನು ಎತ್ತಿ ಹಿಡಿದರು. ನನ್ನ ಪಕ್ಕದಲ್ಲಿ ತಂಗಿಯ ಮಗಳು. ತಲೆಯ ಮೇಲೆ ಬಿಳಿ ಲೇಸಿನ ವಸ್ತ್ರ, ಅಲ್ಲಿನ ಹುಡುಗಿಯರು ಹೊದೆಯುವಂಥದ್ದು. ಅದರ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡಿದ್ದಳು. ಆ ಎರಡು ಬೆರಳು ನನಗೆ ಗೊತ್ತಿದ್ದವು. ಗಂಟೆಯಾದ ಕೂಡಲೇ ಅಜ್ಜಿ ಸೀರೆಯ ಸೆರಗನ್ನು ತಲೆಯ ಮೇಲೆಳೆದು ಹಾಗೇ ಹಿಡಿದುಕೊಳ್ಳುತ್ತಿದ್ದಳು. ಈ ಹುಡುಗಿ ಹುಟ್ಟುವ ಹೊತ್ತಿಗೆ ಅಜ್ಜಿ ಮಣ್ಣಾಗಿ ಹತ್ತು ವರ್ಷವಾಗಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಪೂಜೆಯ ಲ್ಯಾಟಿನ್ ಮಾತ್ರ ಬಾಯಿಪಾಠ. ಕರುಣೆ ಬೇಡುವ ಕೀರಿಯೆ ಪ್ರಾರ್ಥನೆಯನ್ನು ರಾಗಿ ಬೀಸುವಾಗಲೂ ಗುನುಗುತ್ತಿದ್ದಳು. ಅರ್ಥ ಗೊತ್ತಿಲ್ಲದೆ ಹೇಗೆ ಪ್ರಾರ್ಥಿಸುತ್ತಿದ್ದಿ ಎಂದು ಕಾಲೇಜು ಸೇರಿದ ಹೊಸತರಲ್ಲಿ ಒಮ್ಮೆ ಕೆಣಕಿದ್ದೆ. “ಅರ್ಥ ಸರ್ವೇಶ್ವರನಿಗೆ ಗೊತ್ತಲ್ಲವೇನೆ, ನಾನು ಅಲ್ಲಿ ಇರಬೇಕು ಅಷ್ಟೆ” ಎಂದಿದ್ದಳು. ಆಗ ಅದು ಅಜ್ಞಾನದ ಮಾತಾಗಿ ಕೇಳಿಸಿತ್ತು.

ಹಾಗೆಂದು ನಾನು ಲ್ಯಾಟಿನ್ನಿಗೆ ಒಲಿದು ಕನ್ನಡವನ್ನು ಬಿಟ್ಟು ಬಂದೆ ಎಂದುಕೊಳ್ಳಬೇಡಿ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. 1969ರಲ್ಲಿ ಆರನೇ ಪೌಲರು ಹೊಸ ಪೂಜಾವಿಧಿಯನ್ನು ಜಾರಿಗೆ ತಂದರು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಪೂಜೆಗಾಗಿ ನಮ್ಮವರು ದಶಕಗಟ್ಟಲೆ ಹೋರಾಡಿದ್ದಾರೆ, ಬೀದಿಗೂ ಇಳಿದಿದ್ದಾರೆ. ಮೊದಲ ಸಲ ಶುಭಸಂದೇಶ ಕನ್ನಡದಲ್ಲಿ ಕೇಳಿದಾಗ ನಮ್ಮಪ್ಪ ಅತ್ತಿದ್ದರಂತೆ. ಆ ಅಳುವಿನ ಬೆಲೆ ನನಗೆ ಗೊತ್ತು. ದಾರಿಯಲ್ಲಿ ನಮ್ಮ ತಂಡದ ಒಬ್ಬರು, ಒಳ್ಳೆಯ ಮನುಷ್ಯರೇ, ಜನಭಾಷೆಯ ಪೂಜೆ ಅರ್ಧ ಪೂಜೆ ಎನ್ನುವ ಹಾಗೆ ಮಾತಾಡಿದಾಗ ನಾನು ಸುಮ್ಮನಿರಲಿಲ್ಲ. ನನ್ನ ತಾಯಿಯ ಕೊನೆಯ ಅಭ್ಯಂಜನ ಕನ್ನಡದಲ್ಲಿ ಆಯಿತು, ಅದರಲ್ಲಿ ಯಾವುದೂ ಅರ್ಧವಿರಲಿಲ್ಲ ಎಂದೆ. ಅವರು ಕ್ಷಮೆ ಕೇಳಿದರು. ಧರ್ಮವನ್ನು ತಮ್ಮ ದೇಶದ ಹಳೆಯ ವೈಭವದ ಜೊತೆ ಬೆರೆಸಿ ಮಾತಾಡುವ ಕೆಲವರೂ ಅಲ್ಲಿದ್ದರು. ಅದು ನನಗೆ ಒಗ್ಗಲಿಲ್ಲ. ನಮ್ಮವರ ಊಟ ಉಂಡ ದೊಡ್ಡಸ್ವಾಮಿಯವರಿಗೂ ಒಗ್ಗುತ್ತಿರಲಿಲ್ಲ.

ಈ ವಿಷಯದಲ್ಲಿ ರೋಮಿನಲ್ಲೂ ಮನಸ್ಸು ಒಂದಾಗಿಲ್ಲ. 2007ರ ಜುಲೈ 7ರಂದು ಹದಿನಾರನೇ ಬೆನೆಡಿಕ್ಟರು ಹಳೆಯ ವಿಧಿಗೆ ವಿಶಾಲವಾದ ಅವಕಾಶ ಕೊಟ್ಟರು. ಅದರಿಂದ ಧರ್ಮಸಭೆ ಒಡೆಯುತ್ತಿದೆ ಎಂಬ ಆತಂಕದಿಂದ 2021ರ ಜುಲೈ 16ರಂದು ಜಗದ್ಗುರು ಫ್ರಾನ್ಸಿಸರು ಅದನ್ನು ಮತ್ತೆ ಬಿಗಿ ಮಾಡಿದರು. ನಮ್ಮ ತಂಡದ ಗುರುಗಳು ಅದರ ಮಾತು ಬಂದಾಗ ಯಾರನ್ನೂ ದೂರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಜಗದ್ಗುರುಗಳಿಗಾಗಿ ಒಂದು ಹತ್ತು ಜಪ ಹೇಳೋಣ ಎಂದರು. ಹೇಳಿದೆವು.

ಜನರ ಭಾಷೆಗೆ ಬಾಗಿಲು ತೆರೆದ ಆ ವ್ಯಾಟಿಕನ್ ಮಹಾಸಭೆಯೇ 1963ರ ತನ್ನ ಆರಾಧನೆಯ ದಸ್ತಾವೇಜಿನಲ್ಲಿ ಲ್ಯಾಟಿನ್ನನ್ನು ಉಳಿಸಿಕೊಳ್ಳಬೇಕೆಂದೂ ಹೇಳಿತ್ತು, ಪವಿತ್ರ ಮೌನವನ್ನು ಪಾಲಿಸಬೇಕೆಂದೂ ಹೇಳಿತ್ತು. ಭಾಷೆ ಬದಲಾಯಿಸಿಕೊಂಡ ಗಡಿಬಿಡಿಯಲ್ಲಿ ಆ ಮೌನವನ್ನು ನಾವು ಎಲ್ಲಿ ಇಟ್ಟೆವು? ನಮ್ಮ ಕಡೆಯ ಒಂದು ಧರ್ಮಕೇಂದ್ರದಲ್ಲಿ ನಾನೇ ಕಂಡದ್ದು. ಪರಮಪ್ರಸಾದ ಎತ್ತುವ ಹೊತ್ತಿಗೆ ಮೊದಲ ಸಾಲಿನಲ್ಲಿ ಫೋನು ಬಡಿದುಕೊಂಡಿತು, ಆ ಮನುಷ್ಯ ಅಲ್ಲೇ ಎತ್ತಿ ‘ಪೂಜೇಲಿದೀನಿ’ ಎಂದ. ಹಾಡಿನ ತಂಡದವರು ಮೈಕು ಸರಿಮಾಡುತ್ತಿದ್ದರು. ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ, ಅದು ನನ್ನನ್ನು ಈಗ ಹೆಚ್ಚು ಚುಚ್ಚುತ್ತದೆ. ಅದು ಕನ್ನಡದ ತಪ್ಪಲ್ಲ. ಅಜ್ಜಿ ಕನ್ನಡದ ಪೂಜೆಗೂ ಹೋಗುತ್ತಿದ್ದಳು, ಅಲ್ಲೂ ಆ ಸೆರಗು ಹಾಗೇ ತಲೆ ಮೇಲೆ ಬರುತ್ತಿತ್ತು. ದೇವರ ಮುಂದೆ ಹೇಗಿರಬೇಕೆಂದು ಅವಳ ಮೈಗೆ ಗೊತ್ತಿತ್ತು. ಮೈ ಮರೆತದ್ದನ್ನು ಉಪದೇಶದಿಂದ ಮರಳಿಸಲಾಗುವುದಿಲ್ಲ, ಮೈಯೇ ಕಲಿಯಬೇಕು. ನೂರು ಕಿಲೋಮೀಟರ್ ನಡೆದು, ಬೊಬ್ಬೆ ಎದ್ದು, ನೆಲಕ್ಕೆ ಮಂಡಿ ತಾಗಿಸಿ ಕಲಿಯಬೇಕು. ಆ ಹುಡುಗರು ಹುಡುಗಿಯರು ಅಲ್ಲಿಗೆ ಬರುವುದು ಹಳೆಯ ಕಾಲವನ್ನು ಹುಡುಕಿಕೊಂಡು ಅಂತ ನನಗೆ ಅನ್ನಿಸುವುದಿಲ್ಲ. ಹಳೆಯ ಕಾಲವನ್ನು ಅವರು ಕಂಡೇ ಇಲ್ಲ. ತಮ್ಮ ಮುಂದೆ ತಮಗಿಂತ ದೊಡ್ಡದೊಂದು ಇದೆ ಎಂದು ಯಾರೂ ಅವರಿಗೆ ಹೇಳದೆ ಬೆಳೆಸಿದ್ದರು. ಅದು ಇದೆ ಎಂದು ಗೊತ್ತಾದ ಮೇಲೆ ಅವರಿಗೆ ನಿಂತೇ ಇರಲು ಆಗುತ್ತಿಲ್ಲ.

ಸೋಮವಾರ ಕಾಡು ಹಿಂದೆ ಬಿತ್ತು, ಬೋಸ್ ಬಯಲು ಶುರುವಾಯಿತು. ಕಣ್ಣು ಹರಿಯುವವರೆಗೂ ಗೋಧಿ, ತೆನೆಗಟ್ಟುತ್ತಿದ್ದ ಹಸಿರು ಗೋಧಿ. ಮರ ಇಲ್ಲ, ದಿಬ್ಬ ಇಲ್ಲ. ಕವಿ ಶಾರ್ಲ್ ಪೆಗಿ 1912ರಲ್ಲಿ ಈ ಬಯಲು ದಾಟಿ ನಡೆದು ಹೋದರು. ಮಗನ ಕಾಯಿಲೆಗೆ ಹೊತ್ತ ಹರಕೆ ಎನ್ನುತ್ತಾರೆ. ಮರುವರ್ಷವೂ ಹೋದರು. 1914ರ ಸೆಪ್ಟೆಂಬರಿನಲ್ಲಿ ಯುದ್ಧಭೂಮಿಯಲ್ಲಿ ಗುಂಡೇಟಿಗೆ ಸತ್ತರು. ಈ ದಾರಿಯನ್ನು ಇಂದಿನವರಿಗೆ ತೋರಿಸಿಕೊಟ್ಟದ್ದು ಅವರ ಹೆಜ್ಜೆ.

ಆಮೇಲೆ ಗೋಧಿಯ ಅಂಚಿನಲ್ಲಿ ಎರಡು ಮುಳ್ಳು ಕಂಡವು. ಒಂದು ಗಿಡ್ಡ, ಒಂದು ಉದ್ದ. ಗಿಡ್ಡ ಶಿಖರವೇ 100 ಮೀಟರ್ ದಾಟುತ್ತದೆ, ಹನ್ನೆರಡನೇ ಶತಮಾನದ್ದು. ಉದ್ದನೆಯದನ್ನು ಸಿಡಿಲಿಗೆ ಹಳೆಯದು ಹೋದ ಮೇಲೆ ಹದಿನಾರನೇ ಶತಮಾನದ ಮೊದಲಲ್ಲಿ ಕಟ್ಟಿದರು. ಊರು ಕಾಣುವುದಿಲ್ಲ, ಗೋಡೆ ಕಾಣುವುದಿಲ್ಲ, ಬೆಳೆಯ ಮೇಲೆ ಆ ಎರಡು ಶಿಖರ ಮಾತ್ರ. ನಮ್ಮ ತಂಡ ಹಾಡು ನಿಲ್ಲಿಸಿತು. ರಸ್ತೆಯ ಜಲ್ಲಿಯ ಮೇಲೆ ಎಲ್ಲರೂ ಮಂಡಿ ಊರಿದರು. ನನ್ನ ಬಲಮಂಡಿ ಊದಿಕೊಂಡು ಮಡಚುವ ಸ್ಥಿತಿಯಲ್ಲಿರಲಿಲ್ಲ. ತಂಗಿಯ ಮಗಳು “ನೀವು ನಿಂತೇ ಇರಿ ದೊಡ್ಡಮ್ಮ” ಎಂದಳು. ಅವಳ ಹೆಗಲು ಹಿಡಿದು ಊರಿದೆ.

ಮಹಾದೇವಾಲಯ ಅಷ್ಟು ದೊಡ್ಡದಾದರೂ ನಮಗೆಲ್ಲ ಒಳಗೆ ಜಾಗ ಸಾಲಲಿಲ್ಲ. ನಾವು ಹೊರಗೆ ಕಲ್ಲುಹಾಸಿನ ಮೇಲೆ ಉಳಿದೆವು. ಒಳಗೆ ಕಾರ್ಡಿನಲ್ ಗೆರ್ಹಾರ್ಡ್ ಮ್ಯುಲರ್ ಪೂಜೆ ಅರ್ಪಿಸುತ್ತಿದ್ದರು, ದನಿ ಹೊರಗೆ ಕೇಳುತ್ತಿತ್ತು. ಗಂಟೆಯಾದಾಗ ಚೌಕಕ್ಕೆ ಚೌಕವೇ ತಗ್ಗಿತು. ಪಕ್ಕದ ಹೋಟೆಲಿನ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ವಯಸ್ಸಾದವರೊಬ್ಬರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

ಮಂಗಳವಾರ ಊರು ಖಾಲಿ. ನಾವಿಬ್ಬರೇ ಕುಂಟುತ್ತ ಒಳಗೆ ಹೋದೆವು. 1194ರಲ್ಲಿ ಇಲ್ಲಿನ ಹಳೆಯ ದೇವಾಲಯ ಸುಟ್ಟುಹೋಯಿತು. ಬೋಳು ತಲೆಯ ಚಾರ್ಲ್ಸ್ ಎಂಬ ದೊರೆ 876ರಲ್ಲಿ ಕೊಟ್ಟ, ಮಾತೆ ಮರಿಯಳದೆಂದು ನಂಬುವ ವಸ್ತ್ರವೂ ಬೆಂದುಹೋಯಿತೆಂದು ಜನ ಗೋಳಾಡಿದರಂತೆ. ಮೂರು ದಿನದ ಮೇಲೆ ನೆಲಮಾಳಿಗೆಯಿಂದ ಅದನ್ನು ಹಾಗೇ ಹೊರತಂದರು. ಆ ಹುರುಪಿನಲ್ಲಿ ಎದ್ದ ಕಟ್ಟಡ ಇದು. ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ನೆಲಮಾಳಿಗೆಯ ಮಾತೆಯ ಮರದ ವಿಗ್ರಹವನ್ನು ಸುಟ್ಟರು. ವಸ್ತ್ರ ಆಗ ತುಂಡಾಯಿತು, ಉಳಿಯಿತು. ಅಲ್ಲೇ ಒಂದು ಗೂಡಿನಲ್ಲಿದೆ. ನೋಡಿದರೆ ಒಂದು ಹಳೆಯ ಸೀರೆಯ ತುಂಡಿನಷ್ಟೇ ಸಾದಾ.

ದಕ್ಷಿಣದ ಕಡೆ ಒಂದು ಗಾಜಿನ ಕಿಟಕಿ ಇದೆ. ಆ ಬೆಂಕಿಗೂ ಹಿಂದಿನದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಮಾತೆ, ಮೈಮೇಲೆ ನೀಲಿ ವಸ್ತ್ರ. ಮುಂಗಾರು ಹಿಡಿಯುವ ಮೊದಲು ಹೇಮಾವತಿಯ ನೀರು ಬೆಳಗಿನ ಬಿಸಿಲಿಗೆ ಆ ಬಣ್ಣಕ್ಕೆ ತಿರುಗುವುದನ್ನು ನಾನು ನೋಡಿದ್ದೇನೆ. ಅಲ್ಲಿ ಕುರ್ಚಿಯಿತ್ತು, ಆದರೂ ಇಬ್ಬರೂ ನೆಲಕ್ಕೇ ಇಳಿದೆವು. ಯಾರ ತಂಡವೂ ಇರಲಿಲ್ಲ, ಮುಂದೆ ನಿಂತು ಜಪ ಶುರುಮಾಡಲು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಅಜ್ಜಿ ಹೇಳುತ್ತಿದ್ದ ಹಾಗೆ, ಏರಿಸದೆ ಇಳಿಸದೆ, ‘ನಮೋ ಮರಿಯಾ’ದ ಮೊದಲರ್ಧವನ್ನು ಕನ್ನಡದಲ್ಲಿ ಹೇಳಿ ನಿಲ್ಲಿಸಿದೆ. ಉಳಿದದ್ದನ್ನೂ ನಾನೇ ಹೇಳಿಕೊಳ್ಳಬೇಕೆಂದುಕೊಂಡಿದ್ದೆ.

ಪಕ್ಕದಿಂದ, ತಡವರಿಸುತ್ತ, ಒಂದು ಪದ ತಪ್ಪಿ ಮತ್ತೆ ಸರಿಮಾಡಿಕೊಂಡು, ಉಳಿದರ್ಧ ಬಂತು.